ಒಬ್ಬರ ಎದೆ ನಿಂತಾಗ ಉಳಿದವರ ಎಕೋ ಯಾಕೆ ಮಾಡಿಸಬೇಕು

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದರಂತೆ ಹಠಾತ್ ಸಾವಿನ ಸುದ್ದಿ ಬರುತ್ತಿದ್ದಾಗ ಕಾರವಾರ, ಕುಮಟಾ, ಶಿರಸಿಯ ವಾಟ್ಸಾಪ್ ಗುಂಪುಗಳಲ್ಲೂ ಅದೇ ಮಾತು. ಯಾರಿಗೆ ಏನಾಯಿತು, ವಯಸ್ಸೆಷ್ಟು, ಕೋವಿಡ್ ಲಸಿಕೆ ಹಾಕಿಸಿಕೊಂಡಿದ್ದರಾ. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು. ಲಸಿಕೆಗೂ ಸಾವಿಗೂ ನಂಟು ಕಾಣಲಿಲ್ಲ. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಸರ್ಕಾರಕ್ಕೆ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆಯನ್ನೂ ಕಡ್ಡಾಯ ಮಾಡುತ್ತೇವೆ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು.

ಆ ಮಾತು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಎಷ್ಟು ಮುಖ್ಯ ಎಂಬುದರ ಬಗ್ಗೆ ಹೆಚ್ಚು ಚರ್ಚೆಯೇ ಆಗಲಿಲ್ಲ. ಹೃದಯದ ಹಠಾತ್ ಸಾವು ಎಂದರೆ ರಕ್ತನಾಳ ಕಟ್ಟಿಕೊಂಡದ್ದು ಎಂದೇ ನಾವು ತಿಳಿದಿದ್ದೇವೆ. ನಲವತ್ತು ದಾಟಿದವರಲ್ಲಿ ಬಹುಪಾಲು ಅದು ನಿಜ ಕೂಡ. ತಂಬಾಕು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು ಇವುಗಳ ಲೆಕ್ಕ ಅಲ್ಲಿ ಕೆಲಸ ಮಾಡುತ್ತದೆ. ಆದರೆ ಹದಿನಾರು, ಇಪ್ಪತ್ತೆರಡು, ಮೂವತ್ತರ ವಯಸ್ಸಿನಲ್ಲಿ ಕುಸಿದು ಬಿದ್ದವರಲ್ಲಿ ಇನ್ನೊಂದು ವರ್ಗವಿದೆ. ಅವರ ರಕ್ತನಾಳಗಳು ಸ್ವಚ್ಛವಾಗಿರುತ್ತವೆ, ತಪ್ಪಿರುವುದು ಹೃದಯದ ಸ್ನಾಯುವೇ. ಆ ವರ್ಗದ ಪ್ರಮುಖ ಕಾಯಿಲೆಗಳಲ್ಲಿ ಒಂದು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪಥಿ, ವೈದ್ಯರ ಮಾತಿನಲ್ಲಿ ಎಚ್‌ಸಿಎಂ. ಇದು ವಂಶದಲ್ಲಿ ಇಳಿದು ಬರುವ ಕಾಯಿಲೆ. ದೋಷವಿರುವ ಜೀನ್ ಹೊತ್ತ ತಂದೆಯಿಂದಲೋ ತಾಯಿಯಿಂದಲೋ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಒಂದು ಮನೆಯಲ್ಲಿ ಹೀಗೆ ಒಬ್ಬರು ಹೋದರೆಂದರೆ ಅದು ಆ ಮನೆಯ ಉಳಿದವರಿಗೆ ಸಿಕ್ಕ ಎಚ್ಚರಿಕೆ. ನಮ್ಮಲ್ಲಿ ಆ ಎಚ್ಚರಿಕೆ ಹೆಚ್ಚಿನ ಸಲ ಚಿತೆಯೊಂದಿಗೇ ಸುಟ್ಟುಹೋಗುತ್ತಿದೆ. ನಾನು ಹೇಳಬೇಕಾಗಿರುವುದು ಇಷ್ಟೇ: ಈ ಕಾಯಿಲೆಯ ವಿಷಯದಲ್ಲಿ ಸಂಶೋಧನೆ ಬಹಳ ಮುಂದೆ ಹೋಗಿದೆ, ನಮ್ಮಲ್ಲಿ ಆಗಬೇಕಾದ ಮೊದಲ ಕೆಲಸಕ್ಕೆ ಮಾತ್ರ ದೊಡ್ಡ ಸಂಶೋಧನೆಯೂ ಬೇಡ, ದೊಡ್ಡ ಆಸ್ಪತ್ರೆಯೂ ಬೇಡ.

ಕಾಯಿಲೆಯ ಸ್ವರೂಪ ನೋಡೋಣ. ಹೃದಯದ ಎಡಗಡೆಯ ಕೆಳಕೋಣೆ ದೇಹಕ್ಕೆಲ್ಲ ರಕ್ತ ತಳ್ಳುವ ಕೋಣೆ. ಅದರ ಗೋಡೆ ಸಾಮಾನ್ಯವಾಗಿ 12 ಮಿಲಿಮೀಟರಿಗಿಂತ ದಪ್ಪ ಇರುವುದಿಲ್ಲ. ರಕ್ತದೊತ್ತಡದಂಥ ಬೇರೆ ಕಾರಣ ಇಲ್ಲದೆಯೂ ದೊಡ್ಡವರಲ್ಲಿ ಅದು 15 ಮಿಲಿಮೀಟರ್ ಅಥವಾ ಹೆಚ್ಚು ದಪ್ಪವಾಗಿದ್ದರೆ ಎಚ್‌ಸಿಎಂ ಎನ್ನುತ್ತಾರೆ. ಮನೆಯಲ್ಲಿ ಈಗಾಗಲೇ ಒಬ್ಬರಿಗೆ ಇದೆ ಎಂದು ಗೊತ್ತಿದ್ದರೆ 13 ಮಿಲಿಮೀಟರೂ ಸಾಕು. ಹೆಚ್ಚಿನವರಲ್ಲಿ ಎರಡು ಕೋಣೆಗಳ ನಡುವಿನ ಗೋಡೆಯೇ ಉಬ್ಬುತ್ತದೆ. ಲಂಡನ್ನಿನ ರೋಗಶಾಸ್ತ್ರಜ್ಞ ಡೊನಾಲ್ಡ್ ಟೀರ್ 1958ರಲ್ಲಿ ಇದನ್ನು ವಿವರವಾಗಿ ಬರೆದಿಟ್ಟರು. ಅವರ ಮುಂದಿದ್ದದ್ದು ಹಠಾತ್ತನೆ ತೀರಿಕೊಂಡ ಕೆಲವು ಎಳೆಯರ ಹೃದಯಗಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಟ್ಟಿಟ್ಟ ಹುಲ್ಲುಹೊರೆಯಂತೆ ಒಂದೇ ದಿಕ್ಕಿಗೆ ಇರಬೇಕಾದ ಸ್ನಾಯುವಿನ ಎಳೆಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ, ನಡುನಡುವೆ ಕಲೆಗಟ್ಟಿದ ಅಂಗಾಂಶ. ಹೃದಯದ ವಿದ್ಯುತ್ ಸಂಕೇತ ಆ ಅಡ್ಡಾದಿಡ್ಡಿಯಲ್ಲಿ ದಾರಿ ತಪ್ಪಿ ಸುತ್ತತೊಡಗಿದರೆ ಬಡಿತ ಬರಿಯ ನಡುಕವಾಗುತ್ತದೆ. ರಕ್ತ ಮುಂದೆ ಹೋಗುವುದಿಲ್ಲ. ಕೆಲವು ನಿಮಿಷಗಳಲ್ಲಿ ಎಲ್ಲ ಮುಗಿಯುತ್ತದೆ. 2003ರ ಜೂನ್ 26ರಂದು ಫ್ರಾನ್ಸಿನ ಲಿಯಾನ್‌ನಲ್ಲಿ ಕಾನ್ಫೆಡರೇಷನ್ಸ್ ಕಪ್ ಫುಟ್‌ಬಾಲ್ ಪಂದ್ಯ ಆಡುತ್ತಲೇ ಕುಸಿದು ತೀರಿಹೋದ ಕ್ಯಾಮರೂನಿನ ಮಾರ್ಕ್ ವಿವಿಯನ್ ಫೋ ಅವರ ಹೃದಯದಲ್ಲಿ ಕಂಡದ್ದೂ ಇದೇ. ಅವರಿಗೆ ಆಗ 28.

ಇದು ಅಪರೂಪದ ಕಾಯಿಲೆ ಎಂಬ ಭಾವನೆ ಸರಿಯಲ್ಲ. ಅಮೆರಿಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಯುವಕ ಯುವತಿಯರ ಎಕೋ, ಅಂದರೆ ಶಬ್ದದ ಅಲೆಗಳಿಂದ ಹೃದಯವನ್ನು ತೋರಿಸುವ ಸ್ಕ್ಯಾನ್, ನೋಡಿ 1995ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 500ಕ್ಕೆ ಒಬ್ಬರಿಗೆ ಇದು ಇದೆ. 2011ರ ಜನಗಣತಿಯಂತೆ ಉತ್ತರ ಕನ್ನಡದ ಜನಸಂಖ್ಯೆ 14.37 ಲಕ್ಷ. ಅದೇ ಲೆಕ್ಕ ಹಿಡಿದರೆ ಜಿಲ್ಲೆಯಲ್ಲಿ ಸುಮಾರು 2,900 ಮಂದಿ. ಅವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಇರುವುದಿಲ್ಲ, ತಮಗಿದೆ ಎಂಬುದೂ ತಿಳಿದಿರುವುದಿಲ್ಲ, ಎಪ್ಪತ್ತು ಎಂಬತ್ತು ವರ್ಷ ಬದುಕುತ್ತಾರೆ. ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಕಾಯಿಲೆ ಗುರುತಾಗಿ ಸರಿಯಾದ ಚಿಕಿತ್ಸೆಯಲ್ಲಿರುವವರಲ್ಲಿ ಅದರಿಂದಾಗುವ ಸಾವು ಈಗ ವರ್ಷಕ್ಕೆ ನೂರಕ್ಕೆ ಅರ್ಧದಷ್ಟು, ಅಂದರೆ ಇನ್ನೂರು ರೋಗಿಗಳಲ್ಲಿ ಒಬ್ಬರು. ದೊಡ್ಡ ಆಸ್ಪತ್ರೆಗಳಿಂದ ಬಂದ ಹಳೆಯ ವರದಿಗಳಲ್ಲಿ ಇದು ನೂರಕ್ಕೆ ನಾಲ್ಕರಿಂದ ಆರು ಎಂದಿತ್ತು. ಆದ್ದರಿಂದ ಎಚ್‌ಸಿಎಂ ಎಂದು ಬರೆದ ಚೀಟಿ ಕೈಗೆ ಬಂದವರು ಹೆದರಿ ಮೂಲೆ ಹಿಡಿಯಬೇಕಾಗಿಲ್ಲ. ಹೆದರಿಕೆ ಇರಬೇಕಾದ್ದು ಗೊತ್ತಾಗದೆ ಉಳಿದವರ ಬಗ್ಗೆ.

ಗೊತ್ತಾಗದೆ ಉಳಿಯುವುದು ಹೇಗೆ? ನಮ್ಮ ಕಡೆ ಹುಡುಗನೊಬ್ಬ ಓಡಿ ಬಂದು ತಲೆ ತಿರುಗಿ ಬಿದ್ದರೆ ಪಿತ್ತ ಎನ್ನುತ್ತಾರೆ. ಬಿಸಿಲು, ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ, ರಕ್ತ ಕಮ್ಮಿ. ಕೈಕಾಲು ಸ್ವಲ್ಪ ಅದುರಿದರೆ ಫಿಟ್ಸ್ ಎಂದು ಮಾತ್ರೆ ಶುರುವಾಗುತ್ತದೆ. ನಿಂತಲ್ಲೇ ತಲೆ ತಿರುಗುವುದು ಬೇರೆ. ಓಡುವಾಗ, ಘಟ್ಟ ಹತ್ತುವಾಗ, ವಾಲಿಬಾಲ್ ಆಡುತ್ತಿರುವಾಗ ಎಚ್ಚರ ತಪ್ಪುವುದೇ ಬೇರೆ. ಎರಡನೆಯದು ಹೃದಯದ ಪರೀಕ್ಷೆ ಆಗದೆ ಮನೆಗೆ ಕಳಿಸಬಾರದ ಲಕ್ಷಣ.

ಪರೀಕ್ಷೆಗೆ ಬಂದವರೂ ತಪ್ಪಿಹೋಗುವ ಒಂದು ದಾರಿ ಇದೆ. ಎಚ್‌ಸಿಎಂ ಇರುವವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯ ಇಸಿಜಿ ಸರಿ ಇರುವುದಿಲ್ಲ. ಆದರೆ ಆ ಏರುಪೇರು ನೋಡಲು ಹಳೆಯ ಹೃದಯಾಘಾತದಂತೆಯೋ ರಕ್ತ ಸಾಲದ ಹೃದಯದಂತೆಯೋ ಕಾಣುತ್ತದೆ. ರೋಗಿಯನ್ನು ಹುಬ್ಬಳ್ಳಿಗೋ ಮಣಿಪಾಲಕ್ಕೋ ಕಳಿಸುತ್ತಾರೆ, ಆಂಜಿಯೋಗ್ರಾಂ ಆಗುತ್ತದೆ, ಬ್ಲಾಕ್ ಇಲ್ಲ ಎಂದು ಬರುತ್ತದೆ. ಮನೆಯವರು ದೇವರಿಗೆ ಕೈಮುಗಿದು ಊರಿಗೆ ಮರಳುತ್ತಾರೆ. ಬ್ಲಾಕ್ ಇಲ್ಲದಿದ್ದರೆ ಇಸಿಜಿ ಯಾಕೆ ಹಾಗಿತ್ತು ಎಂಬ ಪ್ರಶ್ನೆ ಅಲ್ಲೇ ಬಿದ್ದುಹೋಗುತ್ತದೆ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ಕೂಡಲೇ ನೋಡಿ ಹೇಳುವ ವ್ಯವಸ್ಥೆ ಬಂದದ್ದು ದೊಡ್ಡ ಉಪಕಾರ. ಅದರ ಗುರಿ ಮಾತ್ರ ಹೃದಯಾಘಾತ ಹಿಡಿಯುವುದು. ಹೃದಯಾಘಾತ ಅಲ್ಲ ಎಂದಾದ ಮೇಲೆ ಎಳೆಯ ವಯಸ್ಸಿನ ಕೆಟ್ಟ ಇಸಿಜಿಗಳನ್ನು ಬೇರೆ ಸಾಲಿನಲ್ಲಿಟ್ಟು ಎಕೋಗೆ ಕರೆಸುವ ಕೆಲಸ ಅದೇ ವ್ಯವಸ್ಥೆಯಲ್ಲಿ ಸುಲಭವಾಗಿ ಆಗಬಹುದು.

ಎಕೋವನ್ನೂ ಸರಿಯಾಗಿ ಕೇಳಿ ಮಾಡಿಸಬೇಕಾಗುತ್ತದೆ. ಈ ಕಾಯಿಲೆಯಲ್ಲಿ ಮೂರರಲ್ಲಿ ಒಬ್ಬರಿಗೆ ಸುಮ್ಮನೆ ಮಲಗಿದ್ದಾಗಲೇ ರಕ್ತ ಹೊರಹೋಗುವ ದಾರಿಯಲ್ಲಿ ಅಡ್ಡಿ ಇರುತ್ತದೆ. ಉಬ್ಬಿದ ಗೋಡೆ ಒಂದು ಕಡೆಯಿಂದ, ಮೈಟ್ರಲ್ ಕವಾಟದ ಎಸಳು ಇನ್ನೊಂದು ಕಡೆಯಿಂದ ದಾರಿಗೆ ಬರುತ್ತವೆ. ಇನ್ನು ಮೂರನೇ ಒಂದು ಭಾಗಕ್ಕೆ ಆ ಅಡ್ಡಿ ಕಾಣಿಸಿಕೊಳ್ಳುವುದು ಮೈಗೆ ಶ್ರಮ ಆದಾಗ ಮಾತ್ರ. ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿ, ಎದೆಗೆ ತಣ್ಣನೆಯ ಜೆಲ್ ಹಚ್ಚಿಸಿಕೊಂಡು, ಉಸಿರು ಬಿಗಿಹಿಡಿದು ತಿಣುಕುವಂತೆ ಹೇಳಿದಾಗ ಪರದೆಯ ಮೇಲೆ ರಕ್ತದ ವೇಗ ತೋರಿಸುವ ಗೆರೆ ಕಠಾರಿಯ ಅಲಗಿನಂತೆ ಬಾಗಿ ಇಳಿಯುವುದು ಆಗ. ವೈದ್ಯರು ಹಾಗೆ ತಿಣುಕಿಸದೆ, ಎದ್ದು ನಿಲ್ಲಿಸದೆ ಬರೆದುಕೊಟ್ಟ ವರದಿಯಲ್ಲಿ ಅಡ್ಡಿ ಇಲ್ಲ ಎಂದಿದ್ದರೆ ಅದನ್ನು ಅಷ್ಟಾಗಿ ನಂಬುವಂತಿಲ್ಲ. ಎಕೋ ಯಂತ್ರವಿಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ಟೆತಾಸ್ಕೋಪೇ ಅರ್ಧ ಕೆಲಸ ಮಾಡಬಲ್ಲದು. ರೋಗಿಯನ್ನು ಕುಕ್ಕುರುಗಾಲಿನಲ್ಲಿ ಕೂರಿಸಿ ಎದೆಯ ಶಬ್ದ ಕೇಳಬೇಕು, ಆಮೇಲೆ ಥಟ್ಟನೆ ಎದ್ದು ನಿಲ್ಲಿಸಿ ಕೇಳಬೇಕು. ಹೃದಯದ ಮರ್ಮರ ಶಬ್ದಗಳಲ್ಲಿ ಹೆಚ್ಚಿನವು ನಿಂತಾಗ ಕುಗ್ಗುತ್ತವೆ. ಈ ಕಾಯಿಲೆಯ ಶಬ್ದ ಕೂತಾಗ ಕುಗ್ಗಿ, ನಿಂತಾಗ ಜೋರಾಗುತ್ತದೆ. ಖರ್ಚಿಲ್ಲದ, ಒಂದು ನಿಮಿಷದ ಪರೀಕ್ಷೆ ಇದು. ಶಾಲಾ ಆರೋಗ್ಯ ತಪಾಸಣೆಗೆ ಬರುವ ವೈದ್ಯರು ಇಷ್ಟು ಮಾಡಿದರೂ ಕೆಲವು ಮಕ್ಕಳು ಸಿಗುತ್ತಾರೆ.

ನಿಂತಾಗ ಯಾಕೆ ಜೋರು? ನಿಂತಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಕೋಣೆ ಚಿಕ್ಕದಾಗುತ್ತದೆ, ಅಡ್ಡಿ ಹೆಚ್ಚುತ್ತದೆ. ಈ ಒಂದು ತತ್ವ ಗೊತ್ತಿದ್ದರೆ ಕರಾವಳಿಯ ರೋಗಿಗೆ ಬೇಕಾದ ಎಷ್ಟೋ ಎಚ್ಚರಿಕೆಗಳು ತಾವಾಗಿ ಅರ್ಥವಾಗುತ್ತವೆ. ಏಪ್ರಿಲ್ ಮೇ ತಿಂಗಳ ಅಂಕೋಲಾ ಕಾರವಾರದ ಸೆಕೆಯಲ್ಲಿ ಬೆವರು ಹರಿದು ನೀರು ಕುಡಿಯದೆ ಉಳಿದರೆ ಕೋಣೆ ಇನ್ನಷ್ಟು ಚಿಕ್ಕದಾಗುತ್ತದೆ. ವಾಂತಿಭೇದಿ ಆದಾಗಲೂ ಹಾಗೆ. ನಿರ್ಜಲ ಉಪವಾಸವೂ ಹಾಗೆ. ಮದ್ಯ, ಹೊಟ್ಟೆಬಿರಿಯ ಊಟದ ಬೆನ್ನಿಗೇ ಶ್ರಮದ ಕೆಲಸ, ಇವೂ ಅದೇ ಪಟ್ಟಿಗೆ ಸೇರುತ್ತವೆ.

ಎಲ್ಲಕ್ಕಿಂತ ನನಗೆ ಆತಂಕ ಸಾರ್ಬಿಟ್ರೇಟ್ ಮಾತ್ರೆಯದು. ಎದೆನೋವು ಬಂದರೆ ನಾಲಗೆ ಕೆಳಗೆ ಇಟ್ಟುಕೊಳ್ಳಿ ಎಂದು ಊರೂರಿನಲ್ಲಿ ಹೇಳಿಕೊಟ್ಟಿದ್ದಾರೆ, ಅಂಗಿ ಜೇಬಿನಲ್ಲಿ ಇಟ್ಟುಕೊಂಡು ತಿರುಗುವವರಿದ್ದಾರೆ, ಪಕ್ಕದ ಮನೆಯವರಿಗೆ ಕೊಡುವವರೂ ಇದ್ದಾರೆ. ರಕ್ತನಾಳದ ಕಾಯಿಲೆ ಇದ್ದವರಿಗೆ ಅದು ಒಳ್ಳೆಯ ಔಷಧ. ಅಡ್ಡಿ ಇರುವ ಎಚ್‌ಸಿಎಂ ರೋಗಿಗೆ ಅದೇ ಮಾತ್ರೆ ರಕ್ತನಾಳಗಳನ್ನು ಸಡಿಲಿಸಿ ಅಡ್ಡಿಯನ್ನು ಹೆಚ್ಚಿಸುತ್ತದೆ, ರಕ್ತದೊತ್ತಡ ಕುಸಿದು ಎಚ್ಚರ ತಪ್ಪಬಹುದು. ಬಿಪಿಗೆ ಎಲ್ಲ ಕಡೆ ಬರೆದುಕೊಡುವ ಆಮ್ಲೋಡಿಪಿನ್, ಮೂತ್ರ ಹೆಚ್ಚಿಸುವ ಮಾತ್ರೆಯ ದೊಡ್ಡ ಡೋಸು ಇವುಗಳ ವಿಷಯದಲ್ಲೂ ಹುಷಾರಿರಬೇಕು. ಈ ಕಾಯಿಲೆ ಇರುವವರು ಅದನ್ನು ಬರೆದ ಚೀಟಿಯೊಂದನ್ನು ಸದಾ ಜೊತೆಗೆ ಇಟ್ಟುಕೊಳ್ಳಬೇಕು. ಹೊನ್ನಾವರದಲ್ಲಿ ನೋಡಿದ ವೈದ್ಯರಿಗೆ ಗೊತ್ತಿರುವುದು ರಾತ್ರಿ ಹೊತ್ತು ಭಟ್ಕಳದಲ್ಲಿ ನೋಡುವವರಿಗೆ ಗೊತ್ತಿರುವುದಿಲ್ಲ.

ಇಪ್ಪತ್ತೈದು ಅಕ್ಷರಗಳ ಕಥೆ

ಈಗ ಸಂಶೋಧನೆಯ ಮಾತಿಗೆ ಬರುತ್ತೇನೆ. ಇದರಲ್ಲಿ ಭಾರತದ ಪಾಲು ದೊಡ್ಡದು, ಅದನ್ನು ಕನ್ನಡದಲ್ಲಿ ಹೇಳಿದವರು ಕಡಿಮೆ.

1990ರಲ್ಲಿ ಹಾರ್ವರ್ಡಿನ ಕ್ರಿಸ್ಟೀನ್ ಮತ್ತು ಜೊನಾಥನ್ ಸೈಡ್‌ಮನ್ ಅವರ ತಂಡ ಈ ಕಾಯಿಲೆಗೆ ಕಾರಣವಾದ ಮೊದಲ ಜೀನ್ ದೋಷವನ್ನು ಪತ್ತೆ ಮಾಡಿತು. ಸ್ನಾಯು ಸಂಕುಚಿಸುವಾಗ ಎಳೆಯುವ ಕೆಲಸ ಮಾಡುವ ಮಯೋಸಿನ್ ಎಂಬ ಪ್ರೋಟೀನಿನ ಜೀನ್ ಅದು, ಹೆಸರು ಎಂವೈಎಚ್7. ಆಮೇಲೆ ಸಿಕ್ಕ ಎಂವೈಬಿಪಿಸಿ3 ಎಂಬ ಜೀನ್ ಆ ಮಯೋಸಿನ್ನಿಗೆ ಕಡಿವಾಣ ಹಾಕುವ ಪ್ರೋಟೀನಿನದು. ಜೀನ್ ದೋಷ ಸಿಕ್ಕ ರೋಗಿಗಳಲ್ಲಿ ಬಹುಪಾಲು ಈ ಎರಡರಲ್ಲಿ ಒಂದರದ್ದೇ. ಎರಡರಲ್ಲೂ ಪರಿಣಾಮ ಹೆಚ್ಚುಕಡಿಮೆ ಒಂದೇ: ಸ್ನಾಯು ಬೇಕಾದ್ದಕ್ಕಿಂತ ಹೆಚ್ಚು ಬಿಗಿಯುತ್ತದೆ, ಸಡಿಲವಾಗಬೇಕಾದಾಗ ಸಡಿಲವಾಗುವುದಿಲ್ಲ.

2009ರಲ್ಲಿ ಪೆರುಂದುರೈ ಧಂಡಪಾಣಿ, ಹೈದರಾಬಾದಿನ ಸಿಸಿಎಂಬಿ ಜೀವವಿಜ್ಞಾನ ಸಂಸ್ಥೆಯ ಕೆ. ತಂಗರಾಜ್ ಮೊದಲಾದವರು ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಧಂಡಪಾಣಿ ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಇದೇ ಕ್ಷೇತ್ರದಲ್ಲಿ ಕೆಲಸ ಮುಂದುವರಿಸಿದವರು. ಎಂವೈಬಿಪಿಸಿ3 ಜೀನಿನಲ್ಲಿ 25 ಅಕ್ಷರಗಳಷ್ಟು ಡಿಎನ್‌ಎ ಬಿಟ್ಟುಹೋಗಿರುವ ಒಂದು ರೂಪ ಭಾರತ ಉಪಖಂಡದ ನೂರರಲ್ಲಿ ಸುಮಾರು ನಾಲ್ಕು ಜನರಲ್ಲಿದೆ, ಅವರಿಗೆ ಹೃದಯ ಸ್ನಾಯುವಿನ ಕಾಯಿಲೆಯ ಅಪಾಯ ಉಳಿದವರಿಗಿಂತ ಸುಮಾರು ಏಳು ಪಟ್ಟು ಎಂಬುದು ಅವರು ಕಂಡದ್ದು. ಈ ಬದಲಾವಣೆ ಹುಟ್ಟಿ ಸುಮಾರು 33,000 ವರ್ಷವಾಗಿರಬೇಕು ಎಂದು ಅಂದಾಜಿಸಿದರು. ನಮ್ಮ ಜಿಲ್ಲೆಗೆ ಆ ಸರಾಸರಿ ಹಚ್ಚಿದರೆ ಐವತ್ತೇಳು ಸಾವಿರ ಜನ. ಮಾರಿಕಾಂಬಾ ಜಾತ್ರೆಯ ದಿನ ಶಿರಸಿಯ ಬಿಡಕಿ ಬಯಲಿನಲ್ಲಿ ಕಣ್ಣಿಗೆ ಬೀಳುವ ಜನಸಂದಣಿಯಲ್ಲಿ ಇಪ್ಪತ್ತೈದರಲ್ಲಿ ಒಬ್ಬರು.

ಆಗ ಪತ್ರಿಕೆಗಳು ಇದನ್ನು ಭಾರತೀಯರ ಹೃದಯದ ಶಾಪ ಎಂಬಂತೆ ಬರೆದವು. ಆಮೇಲೆ ಬಂದ ಸಂಶೋಧನೆ ಆ ಚಿತ್ರವನ್ನು ತಿದ್ದಿತು, ಆ ತಿದ್ದುಪಡಿ ಮಾತ್ರ ಓದುಗರವರೆಗೆ ತಲುಪಲಿಲ್ಲ. 2018ರಲ್ಲಿ ಅಮೆರಿಕದಲ್ಲಿರುವ ದಕ್ಷಿಣ ಏಷ್ಯಾ ಮೂಲದವರ ಮೇಲೆ ನಡೆದ ಅಧ್ಯಯನ, ಈ 25 ಅಕ್ಷರ ಬಿಟ್ಟುಹೋದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಅದೇ ಜೀನಿನ ಇನ್ನೊಂದು ಕಡೆ ಮತ್ತೊಂದು ಬದಲಾವಣೆಯೂ ಇದೆ, ಹೃದಯ ಅತಿಯಾಗಿ ಬಿಗಿಯುವ ಲಕ್ಷಣ ಕಂಡದ್ದು ಅಂಥವರಲ್ಲಿ ಎಂದು ತೋರಿಸಿತು. 2020ರಲ್ಲಿ ಇನ್ನೊಂದು ತಂಡ ಎಚ್‌ಸಿಎಂ ಅಪಾಯಕ್ಕೆ ಕಾರಣ 25 ಅಕ್ಷರಗಳಲ್ಲ, ಕೆಲವೇ ಮಂದಿಯಲ್ಲಿ ಅದರ ಜೊತೆಗೆ ಸಾಗಿ ಬಂದ ಬೇರೊಂದು ಅಪರೂಪದ ದೋಷ ಎಂದು ವಾದಿಸಿತು. ಅಂದರೆ ಆ ಐವತ್ತೇಳು ಸಾವಿರದಲ್ಲಿ ಬಹುತೇಕರಿಗೆ ಅದು ಎಚ್‌ಸಿಎಂ ತರುವುದಿಲ್ಲ. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಈಗ ಉಗುಳು ಕಳಿಸಿದರೆ ಜೀನ್ ವರದಿ ಕಳಿಸುವ ಖಾಸಗಿ ಸೇವೆಗಳು ಬಂದಿವೆ. 25 ಅಕ್ಷರದ ಕೊರತೆ ಇದೆ ಎಂಬ ಒಂದು ಸಾಲು ಓದಿ ಮದುವೆ ಮುರಿಯುವುದು, ಮಗುವನ್ನು ಆಟ ಬಿಡಿಸುವುದು ದೊಡ್ಡ ಅನ್ಯಾಯ. ಜೀನ್ ಪರೀಕ್ಷೆ ಉಪಯೋಗಕ್ಕೆ ಬರುವ ರೀತಿ ಬೇರೆ. ಮನೆಯಲ್ಲಿ ಕಾಯಿಲೆ ಖಚಿತವಾದವರ ರಕ್ತವನ್ನು ಮೊದಲು ನೋಡಬೇಕು. ಅವರಲ್ಲಿ ರೋಗಕಾರಕ ಎಂದು ಒಪ್ಪಿತವಾದ ದೋಷ ಸಿಕ್ಕರೆ ಅದೊಂದನ್ನೇ ಉಳಿದವರಲ್ಲಿ ಹುಡುಕಬೇಕು. ಇಲ್ಲದವರು ನಿಶ್ಚಿಂತೆಯಿಂದ ಇರಬಹುದು, ಇದ್ದವರು ತಪಾಸಣೆಯಲ್ಲಿ ಇರಬೇಕು. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಯಾವ ದೋಷವೂ ಸಿಗುವುದಿಲ್ಲ, ಆಗ ಎಲ್ಲರಿಗೂ ಎಕೋ ಒಂದೇ ದಾರಿ.

ಸೋದರಿಕೆ ಸಂಬಂಧದಲ್ಲಿ ಮದುವೆಯಾದ್ದರಿಂದ ಹೀಗಾಯಿತು ಎಂಬ ಮಾತೂ ಕೇಳಿಬರುತ್ತದೆ. ಜೀನಿನ ಎರಡು ಪ್ರತಿಗಳಲ್ಲಿ ಒಂದೇ ಕೆಟ್ಟಿದ್ದರೂ ಬರುವ ಕಾಯಿಲೆ ಇದು. ಹೊರಗಿನ ಸಂಬಂಧದಲ್ಲಿ ಮದುವೆಯಾದರೂ ಬರುತ್ತದೆ. ತಂದೆತಾಯಿ ಇಬ್ಬರೂ ಅದೇ ದೋಷ ಹೊತ್ತಿದ್ದು ಮಗುವಿಗೆ ಎರಡೂ ಪ್ರತಿ ಕೆಟ್ಟು ಬಂದರೆ ಮಾತ್ರ ಕಾಯಿಲೆ ಬೇಗ, ತೀವ್ರವಾಗಿ ಬರುತ್ತದೆ.

ಯಾರಿಗೆ ಅಪಾಯ, ಯಾರು ಮರ ಹತ್ತಬಹುದು

ಎಚ್‌ಸಿಎಂ ಇದೆ ಎಂದಾದ ಮೇಲೆ ಎದುರಾಗುವ ಪ್ರಶ್ನೆ, ಹಠಾತ್ ಸಾವಿನ ಅಪಾಯ ಈ ವ್ಯಕ್ತಿಗೆ ಎಷ್ಟು, ಎದೆಯೊಳಗೆ ಐಸಿಡಿ ಯಂತ್ರ ಕೂರಿಸಬೇಕಾ. ಬಡಿತ ದಾರಿ ತಪ್ಪಿದಾಗ ತಾನೇ ಶಾಕ್ ಕೊಟ್ಟು ಸರಿಪಡಿಸುವ ಯಂತ್ರ ಅದು, ಬೆಲೆ ಲಕ್ಷಗಳಲ್ಲಿ. ಯುರೋಪಿನಲ್ಲಿ 3,675 ರೋಗಿಗಳ ಮಾಹಿತಿಯಿಂದ 2014ರಲ್ಲಿ ಒಂದು ಲೆಕ್ಕಾಚಾರ ರೂಪಿಸಿದರು. ವಯಸ್ಸು, ಗೋಡೆಯ ದಪ್ಪ, ಎಡ ಮೇಲುಕೋಣೆಯ ಗಾತ್ರ, ಅಡ್ಡಿಯ ಪ್ರಮಾಣ, ಮನೆತನದಲ್ಲಿ ಹಠಾತ್ ಸಾವು, ಕಾರಣ ತಿಳಿಯದೆ ಎಚ್ಚರ ತಪ್ಪಿದ್ದು, ದಿನವಿಡೀ ಇಸಿಜಿ ದಾಖಲಿಸುವ ಹೋಲ್ಟರ್ ಪರೀಕ್ಷೆಯಲ್ಲಿ ಕಂಡ ಬಡಿತದ ಓಟ, ಈ ಏಳನ್ನು ತುಂಬಿದರೆ ಮುಂದಿನ ಐದು ವರ್ಷದ ಅಪಾಯ ಶೇಕಡಾವಾರು ಬರುತ್ತದೆ. 6ಕ್ಕಿಂತ ಹೆಚ್ಚಾದರೆ ಐಸಿಡಿ ಪರಿಗಣಿಸಬೇಕು, 4ಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ಬೇಡ. ಅಮೆರಿಕದ ಮಾರ್ಗಸೂಚಿ 30 ಮಿಲಿಮೀಟರ್ ದಾಟಿದ ಗೋಡೆ, ಎಂಆರ್‌ಐನಲ್ಲಿ ಕಾಣುವ ವ್ಯಾಪಕ ಕಲೆ, ಹೃದಯದ ತುದಿಯ ಉಬ್ಬು ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಈ ಏಳರಲ್ಲಿ ಆರನ್ನು ಯಂತ್ರಗಳು, ರೋಗಿ, ಜನ್ಮದಾಖಲೆ ಹೇಳುತ್ತವೆ. ಮನೆತನದ ಹಠಾತ್ ಸಾವನ್ನು ಹೇಳಬೇಕಾದವರು ಮನೆಯವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ 47 ಆಸ್ಪತ್ರೆಗಳಲ್ಲಿ 18ರಿಂದ 45 ವಯಸ್ಸಿನವರ 729 ಹಠಾತ್ ಸಾವುಗಳನ್ನು ಅಧ್ಯಯನ ಮಾಡಿ 2023ರಲ್ಲಿ ಪ್ರಕಟಿಸಿದ ವರದಿಯಲ್ಲೂ ಅಪಾಯ ಹೆಚ್ಚಿಸಿದ ಸಂಗತಿಗಳಲ್ಲಿ ಮನೆತನದ ಹಠಾತ್ ಸಾವು ಒಂದು. ಲಸಿಕೆ ಆ ಪಟ್ಟಿಯಲ್ಲಿರಲಿಲ್ಲ. ಚಿಕ್ಕಪ್ಪ ಮೂವತ್ತೆರಡಕ್ಕೆ ಹೋದದ್ದನ್ನು ಹಾರ್ಟ್‌ಫೇಲ್ ಎಂದಷ್ಟೇ ನೆನಪಿಟ್ಟುಕೊಂಡ ಮನೆಯಲ್ಲಿ ಅಣ್ಣನ ಮಗನ ಲೆಕ್ಕಾಚಾರ ತಪ್ಪಾಗಿಯೇ ಬರುತ್ತದೆ.

ಆಟ ಮತ್ತು ದುಡಿಮೆಯ ವಿಷಯದಲ್ಲಿ ವೈದ್ಯರ ಅಭಿಪ್ರಾಯ ಕಳೆದ ಕೆಲವು ವರ್ಷಗಳಲ್ಲಿ ಬಹಳ ಬದಲಾಗಿದೆ. ಮೊದಲು ಎಚ್‌ಸಿಎಂ ಎಂದ ಕೂಡಲೇ ಓಡಬೇಡ, ಭಾರ ಎತ್ತಬೇಡ. 2023ರಲ್ಲಿ ಬಂದ ಲೈವ್ ಎಚ್‌ಸಿಎಂ ಅಧ್ಯಯನ 8ರಿಂದ 60 ವರ್ಷದ 1,660 ಮಂದಿಯನ್ನು ಮೂರು ವರ್ಷ ನೋಡಿ, ಬಿರುಸಾದ ವ್ಯಾಯಾಮ ಮಾಡುವವರಲ್ಲಿ ಸಾವು ಅಥವಾ ಅಪಾಯಕಾರಿ ಬಡಿತದ ಘಟನೆಗಳು ಉಳಿದವರಿಗಿಂತ ಹೆಚ್ಚಿರಲಿಲ್ಲ ಎಂದಿತು. ಅವರೆಲ್ಲ ಕಾಯಿಲೆ ಗೊತ್ತಿದ್ದು ತಜ್ಞರ ಕೈಕೆಳಗೆ ಇದ್ದವರು ಎಂಬುದನ್ನು ಮರೆಯಬಾರದು. ಹಾಗಾಗಿ ಅಳತೆಯಲ್ಲಿ ನಡೆದಾಡುವುದು, ಈಜುವುದು, ಆಡುವುದು ಬಿಡಬೇಕಾಗಿಲ್ಲ. ತಜ್ಞರ ಜೊತೆ ಕೂತು ತೀರ್ಮಾನಿಸಬೇಕಾದ ಮಾತು ಅದು.

ನಮ್ಮ ಜಿಲ್ಲೆಗೆ ಇಲ್ಲೊಂದು ವಿಶೇಷ ತೊಡಕು ಇದೆ. ಅಧ್ಯಯನಗಳು ವ್ಯಾಯಾಮವನ್ನು ಅಳೆದವು, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲನ್ನು ಅಳೆಯಲಿಲ್ಲ. ಶಿರಸಿ ಸಿದ್ದಾಪುರದ ತೋಟದಲ್ಲಿ ಐವತ್ತು ಅಡಿ ಅಡಿಕೆ ಮರದ ತುದಿಯಲ್ಲಿ, ಒಂದು ಮರದಿಂದ ಇನ್ನೊಂದು ಮರಕ್ಕೆ ಹಾಯುವ ಕೊನೆಗೌಡನಿಗೆ ಐದು ಸೆಕೆಂಡು ಕಣ್ಣು ಕತ್ತಲಾದರೂ ಸಾಕು, ಹೃದಯ ಮತ್ತೆ ಸರಿಯಾದರೂ ಅವ ಉಳಿಯುವುದಿಲ್ಲ. ಕಾರವಾರದ ಬೈತಖೋಲ ಬಂದರಿನಿಂದ ಹೊರಟು ವಾರಗಟ್ಟಲೆ ಆಳ ಸಮುದ್ರದಲ್ಲಿರುವ ಬೋಟಿನ ಕಾರ್ಮಿಕನಿಗೆ ಐಸಿಡಿ ಶಾಕ್ ಹೊಡೆದರೆ ದಡ ಸೇರಲು ಎಷ್ಟು ಹೊತ್ತು? ಭಾರದ ಕೆಲಸ ಮಾಡಬೇಡ ಎಂಬ ಒಂದು ಸಾಲಿನ ಸಲಹೆ ಇವರಿಗೆ ಹೊಟ್ಟೆಯ ಮೇಲೆ ಹೊಡೆತ. ಯಾವ ಕೆಲಸ ಮಾಡಬಹುದು, ನೆಲದ ಮೇಲಿನ ತೋಟದ ಕೆಲಸ ಆಗುತ್ತದಾ, ಬಂದರಿನ ಕೆಲಸ ಆಗುತ್ತದಾ ಎಂದು ಕೇಳಿ ಉತ್ತರ ಕೊಡುವ ವೈದ್ಯರು ಬೇಕು. ಈಗ ಬಂದಿರುವ ಉದ್ದ ಕೋಲಿನ ದೋಟಿಗಳಿಂದ ನೆಲದಲ್ಲೇ ನಿಂತು ಕೊನೆ ಇಳಿಸುವುದು ಅಂಥವರ ಪಾಲಿಗೆ ಬರೀ ಅನುಕೂಲವಲ್ಲ, ಜೀವದ ಪ್ರಶ್ನೆ.

ಹಳಿಯಾಳ, ಯಲ್ಲಾಪುರದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳು ಓಟದಲ್ಲಿ, ಕುಸ್ತಿಯಲ್ಲಿ ಹೆಸರು ಮಾಡುತ್ತಿರುವುದು ನಮ್ಮೆಲ್ಲರ ಹೆಮ್ಮೆ. ಕ್ರೀಡಾಪಟುಗಳ ಹೃದಯ ಅಭ್ಯಾಸದಿಂದಲೇ ಸ್ವಲ್ಪ ದಪ್ಪವಾಗುತ್ತದೆ. ಬ್ರಿಟನ್ನಿನಲ್ಲಿ 2008ರ ಅಧ್ಯಯನವೊಂದರಲ್ಲಿ ಆಫ್ರಿಕಾ ಮೂಲದ ಕ್ರೀಡಾಪಟುಗಳಲ್ಲಿ ನೂರಕ್ಕೆ 18 ಮಂದಿಗೆ ಗೋಡೆ 12 ಮಿಲಿಮೀಟರ್ ದಾಟಿತ್ತು, ಬಿಳಿಯರಲ್ಲಿ ನೂರಕ್ಕೆ 4. ಕಾಯಿಲೆ ಇಲ್ಲದ ಹೃದಯಗಳು ಅವು. ಸಿದ್ದಿ ಹುಡುಗನ ಇಸಿಜಿ, ಎಕೋ ಓದುವವರಿಗೆ ಈ ಸಂಗತಿ ನೆನಪಿರಬೇಕು. ತಪ್ಪು ಓದಿ ಒಬ್ಬ ಓಟಗಾರನನ್ನು ಮನೆಗೆ ಕಳಿಸುವುದೂ ಹಾನಿಯೇ.

ಚಿಕಿತ್ಸೆಯ ಬಗ್ಗೆ ಚಿಕ್ಕದಾಗಿ ಹೇಳುವೆ. ಮೊದಲ ಔಷಧ ಮೆಟೋಪ್ರೊಲಾಲ್‌ನಂಥ ಬೀಟಾ ಬ್ಲಾಕರ್, ಇಲ್ಲವೆ ವೆರಪಾಮಿಲ್. ಎರಡೂ ಹಳೆಯವು, ಅಗ್ಗ, ಯಾವ ಪೇಟೆಯಲ್ಲೂ ಸಿಗುತ್ತವೆ. ಅಡ್ಡಿ ಹೆಚ್ಚಿದ್ದು ಔಷಧಕ್ಕೆ ಬಗ್ಗದಿದ್ದರೆ ಉಬ್ಬಿದ ಸ್ನಾಯುವನ್ನು ಶಸ್ತ್ರಚಿಕಿತ್ಸೆಯಿಂದ ಕೆತ್ತಿ ತೆಗೆಯುತ್ತಾರೆ, ಇಲ್ಲವೆ ಅಲ್ಲಿಗೆ ಹೋಗುವ ಸಣ್ಣ ರಕ್ತನಾಳಕ್ಕೆ ಆಲ್ಕೊಹಾಲ್ ಬಿಟ್ಟು ಒಣಗಿಸುತ್ತಾರೆ. ಕೈ ಪಳಗಿದ ಕೆಲವೇ ಕೇಂದ್ರಗಳಲ್ಲಿ ಮಾಡಿಸಬೇಕಾದ ಕೆಲಸ ಅದು. ಬಡಿತದ ಲಯ ತಪ್ಪಿ ಏಟ್ರಿಯಲ್ ಫಿಬ್ರಿಲೇಷನ್ ಶುರುವಾದರೆ ರಕ್ತ ತೆಳುಮಾಡುವ ಮಾತ್ರೆ ತಪ್ಪದೆ ಬೇಕು, ಇಲ್ಲದಿದ್ದರೆ ಪಾರ್ಶ್ವವಾಯುವಿನ ಭಯ. ಹೊಸದಾಗಿ ಬಂದದ್ದು ಮಯೋಸಿನ್ನಿನ ಅತಿಯಾದ ಎಳೆತವನ್ನೇ ಕಡಿಮೆ ಮಾಡುವ ಮಾವಾಕಾಮ್ಟೆನ್. ಕಾಯಿಲೆಯ ಮೂಲಕ್ಕೇ ಕೈಹಾಕಿದ ಮೊದಲ ಔಷಧ ಇದು. 251 ರೋಗಿಗಳ ಮೇಲಿನ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು, ಅಮೆರಿಕ 2022ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಡ್ಡಿ ಇಲ್ಲದ ಎಚ್‌ಸಿಎಂನಲ್ಲಿ ಮಾತ್ರ ಅದು ನಿರೀಕ್ಷಿಸಿದ ಗುರಿ ಮುಟ್ಟಲಿಲ್ಲ ಎಂದು 2025ರಲ್ಲಿ ಗೊತ್ತಾಯಿತು. ಡೋಸು ಹೆಚ್ಚಾದರೆ ಹೃದಯ ದುರ್ಬಲವಾಗುತ್ತದೆ, ಹಾಗಾಗಿ ಮತ್ತೆ ಮತ್ತೆ ಎಕೋ ಬೇಕು. ದೇಹದಲ್ಲಿ ಅದನ್ನು ಕರಗಿಸುವ ಕಿಣ್ವ ನಿಧಾನವಾಗಿ ಕೆಲಸ ಮಾಡುವವರು ನಮ್ಮ ಉಪಖಂಡದಲ್ಲಿ ಯುರೋಪಿಗಿಂತ ಹೆಚ್ಚು. ಗ್ಯಾಸ್ ಎಂದು ಕೇಳದೆ ನುಂಗುವ ಒಮೆಪ್ರಜೋಲ್ ಕೂಡ ಅದೇ ಕಿಣ್ವವನ್ನು ತಡೆಯುತ್ತದೆ. ನೂರು ಕಿಲೋಮೀಟರ್ ದೂರದಲ್ಲಿ ವೈದ್ಯರಿರುವ ಊರಿಗೆ ಇಂಥ ಔಷಧ ಬರುವ ಮೊದಲು ಹತ್ತಿರದಲ್ಲಿ ಎಕೋ ವ್ಯವಸ್ಥೆ ಬರಬೇಕು.

ಮನೆತನದಿಂದ ಶುರುಮಾಡುವುದು

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ಆಗ ಹೊಸ ಬಲ ಪಡೆಯಿತು. ಆ ಬೇಡಿಕೆ ನೂರಕ್ಕೆ ನೂರು ನ್ಯಾಯದ್ದು. ಹುಬ್ಬಳ್ಳಿ, ಮಣಿಪಾಲ, ಗೋವಾದ ಬಾಂಬೋಳಿಯ ದಾರಿಯಲ್ಲಿ ಜೀವ ಹೋಗುವುದನ್ನು ಯಾರೂ ಒಪ್ಪಬೇಕಾಗಿಲ್ಲ. ಆದರೆ ಹೃದಯ ಒಮ್ಮೆ ನಡುಗಲು ಶುರುಮಾಡಿದ ಮೇಲೆ ಆಸ್ಪತ್ರೆ ಹತ್ತು ಕಿಲೋಮೀಟರಿನಲ್ಲಿದ್ದರೂ ತಡವೇ. ಅಲ್ಲಿದ್ದವರು ಕೂಡಲೇ ಎದೆ ಒತ್ತಬೇಕು, ಹೊರಗಿನಿಂದ ಶಾಕ್ ಕೊಡುವ ಎಇಡಿ ಯಂತ್ರ ಹತ್ತಿರದಲ್ಲಿರಬೇಕು. ಎಚ್‌ಸಿಎಂನಲ್ಲಿ ಜೀವ ಉಳಿಸುವ ದೊಡ್ಡ ಕೆಲಸ ಅದಕ್ಕೂ ಎಷ್ಟೋ ವರ್ಷ ಮೊದಲು ನಡೆಯಬೇಕಾದ್ದು.

ಎಲ್ಲ ಹದಿನೈದು ವರ್ಷದ ಮಕ್ಕಳಿಗೂ ಶಾಲೆಯಲ್ಲಿ ಹೃದಯ ತಪಾಸಣೆ ಎಂಬ ಮಾತು ಹಾಸನದ ನಂತರ ಕೇಳಿಬಂತು. ಇಟಲಿ 1982ರಿಂದ ಸ್ಪರ್ಧೆಗೆ ಇಳಿಯುವ ಕ್ರೀಡಾಪಟುಗಳಿಗೆಲ್ಲ ಇಸಿಜಿ ಕಡ್ಡಾಯ ಮಾಡಿದೆ. ಅಲ್ಲಿನ ವೆನೆಟೊ ಪ್ರಾಂತದಲ್ಲಿ ಎರಡೂವರೆ ದಶಕದಲ್ಲಿ ಕ್ರೀಡಾಪಟುಗಳ ಹಠಾತ್ ಸಾವು 89 ಶೇಕಡಾ ಇಳಿಯಿತು. ಕಬಡ್ಡಿ, ವಾಲಿಬಾಲ್ ತಂಡಗಳಿಗೆ ಅಷ್ಟನ್ನು ನಾವೂ ಮಾಡಬಹುದು. ಎಲ್ಲ ಮಕ್ಕಳಿಗೂ ಎನ್ನುವಾಗ ನನಗೆ ಹಿಂಜರಿಕೆ ಇದೆ. ಸುಳ್ಳು ಎಚ್ಚರಿಕೆಗಳು ಸಾವಿರಗಟ್ಟಲೆ ಬರುತ್ತವೆ, ಅವನ್ನು ತೀರಿಸಲು ಸಾಕಷ್ಟು ಹೃದ್ರೋಗ ತಜ್ಞರು ಜಿಲ್ಲೆಯಲ್ಲಿ ಇಲ್ಲ. ಅದೇ ಹಣ, ಅದೇ ತಜ್ಞರ ಹೊತ್ತನ್ನು ಮನೆತನಗಳ ಕಡೆ ತಿರುಗಿಸಿದರೆ ಫಲ ಹೆಚ್ಚು. ಕಾಯಿಲೆ ಖಚಿತವಾದ ಒಬ್ಬರ ಒಡಹುಟ್ಟಿದವರು, ಮಕ್ಕಳು, ತಂದೆತಾಯಿಗೆ ಇಸಿಜಿ ಮತ್ತು ಎಕೋ ಮಾಡಿದರೆ ಇಬ್ಬರಲ್ಲಿ ಒಬ್ಬರಲ್ಲಿ ದೋಷ ಇರುವ ಗುಂಪಿನಲ್ಲೇ ನಾವು ಹುಡುಕುತ್ತಿರುತ್ತೇವೆ, ಐನೂರರಲ್ಲಿ ಒಬ್ಬರಿರುವ ಗುಂಪಿನಲ್ಲಲ್ಲ. ಒಮ್ಮೆ ಎಕೋ ಸರಿ ಬಂದರೆ ಮುಗಿಯುವುದಿಲ್ಲ. ಗೋಡೆ ದಪ್ಪವಾಗುವುದು ಹೆಚ್ಚಾಗಿ ಹರೆಯದಲ್ಲಿ, ಕೆಲವರಿಗೆ ನಡುವಯಸ್ಸಿನಲ್ಲಿ. ಮಕ್ಕಳಿಗೆ ಒಂದೆರಡು ವರ್ಷಕ್ಕೊಮ್ಮೆ, ದೊಡ್ಡವರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ ನೋಡಿಸಬೇಕು.

ಜನ ಇದಕ್ಕೆ ಯಾಕೆ ಮುಂದೆ ಬರುವುದಿಲ್ಲ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತು. ತಂಗಿಯ ಮದುವೆ ಆಗಬೇಕು, ಮನೆತನದಲ್ಲಿ ಹೃದಯದ ಕಾಯಿಲೆ ಎಂದು ಗೊತ್ತಾದರೆ ಸಂಬಂಧ ಕೂಡಿಬರುವುದಿಲ್ಲ. ಮರಣೋತ್ತರ ಪರೀಕ್ಷೆಯೂ ಹಾಗೆ, ಹೋದವನನ್ನು ಕೊಯ್ಯುವುದು ಬೇಡ ಎಂದು ಅಳುತ್ತಾ ಕೈಮುಗಿಯುವ ತಾಯಿಗೆ ಎದುರು ಹೇಳುವುದು ಯಾರಿಗೂ ಸುಲಭವಲ್ಲ. ಆ ಹೊತ್ತಿನಲ್ಲಿ ಕಾನೂನು ಹೇಳುವವರಿಗಿಂತ, ಇದು ಉಳಿದ ಇಬ್ಬರು ಮಕ್ಕಳಿಗಾಗಿ ಎಂದು ಕೂತು ಹೇಳುವ ಒಬ್ಬ ವೈದ್ಯರೋ ದಾದಿಯೋ ಬೇಕು. ಪರೀಕ್ಷೆ ನಡೆದರೂ ಹೃದಯಾಘಾತ ಎಂದು ಒಂದು ಸಾಲು ಬರೆದು ಮುಗಿಸಿದರೆ ಆ ತಾಯಿಯ ಒಪ್ಪಿಗೆ ವ್ಯರ್ಥ. ಹೃದಯದ ತೂಕ, ಗೋಡೆಗಳ ದಪ್ಪ ಮಿಲಿಮೀಟರಿನಲ್ಲಿ, ರಕ್ತನಾಳದ ಸ್ಥಿತಿ ಬರೆಯಬೇಕು. ಸ್ನಾಯುವಿನ ತುಣುಕು ಸೂಕ್ಷ್ಮದರ್ಶಕ ಪರೀಕ್ಷೆಗೆ ಹೋಗಬೇಕು, ಜೀನ್ ಪರೀಕ್ಷೆಗಾಗಿ ಸ್ವಲ್ಪ ರಕ್ತ ತೆಗೆದಿಡಬೇಕು. ಕಾರವಾರದಲ್ಲಿ ಕ್ರಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ರೋಗಶಾಸ್ತ್ರ ವಿಭಾಗ ಇಲ್ಲದೆ ಅಂಥ ಕಾಲೇಜು ನಡೆಯುವುದಿಲ್ಲ. ಜಿಲ್ಲೆಯಲ್ಲಿ ನಲವತ್ತರೊಳಗಿನ ಪ್ರತಿ ಹಠಾತ್ ಸಾವಿನ ಹೃದಯವನ್ನು ನೋಡುವ ಜವಾಬ್ದಾರಿ ಅದಕ್ಕೆ ಕೊಡಬಹುದು.

ಮನೆಮನೆಯ ಕೆಲಸಕ್ಕೆ ಆಶಾ ಕಾರ್ಯಕರ್ತೆಯರು ಇದ್ದಾರೆ. ಅವರು ಈಗಾಗಲೇ ತುಂಬುವ ಸಿ-ಬ್ಯಾಕ್ ಎಂಬ ತಪಾಸಣಾ ನಮೂನೆಯಲ್ಲಿ ತಂದೆತಾಯಿ, ಒಡಹುಟ್ಟಿದವರಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಇದೆಯೇ ಎಂಬ ಪ್ರಶ್ನೆ ಇದೆ. ಅದು ಮೂವತ್ತು ದಾಟಿದವರಿಗೆ ಕೇಳುವ ಪ್ರಶ್ನೆ. ಎಚ್‌ಸಿಎಂನಿಂದ ಹಠಾತ್ ಸಾವಿನ ಭಯ ಹೆಚ್ಚಿರುವುದು ಮೂವತ್ತರ ಒಳಗೆ. ಯಾರಾದರೂ ನಲವತ್ತರೊಳಗೆ ಇದ್ದಕ್ಕಿದ್ದಂತೆ ತೀರಿಕೊಂಡರಾ, ಓಡುವಾಗ ಆಡುವಾಗ ಎಚ್ಚರ ತಪ್ಪಿದ ಮಕ್ಕಳಿದ್ದಾರಾ ಎಂಬ ಎರಡು ಪ್ರಶ್ನೆಗಳನ್ನು ಸೇರಿಸಿ, ಹದಿಹರೆಯದವರಿರುವ ಎಲ್ಲ ಮನೆಗಳಲ್ಲೂ ಕೇಳಿಸಿದರೆ ಹಳ್ಳಿಯೊಂದರಲ್ಲಿ ಮೂರೋ ನಾಲ್ಕೋ ಮನೆಗಳ ಹೆಸರು ಬಂದೀತು. ಆ ಮನೆಗಳವರನ್ನು ತಿಂಗಳಿಗೊಮ್ಮೆ ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಗೋ ಕಾರವಾರಕ್ಕೋ ಕರೆಸಿ, ಹೊರಗಿನಿಂದ ಬಂದ ಹೃದ್ರೋಗ ತಜ್ಞರ ಎದುರಿಗೆ ಉಚಿತವಾಗಿ ಎಕೋ ಮಾಡಿಸುವುದು ಜಿಲ್ಲಾಡಳಿತದ ಕೈಯಲ್ಲಿರುವ ಕೆಲಸ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಕಟ್ಟಡಕ್ಕೆ ಕಾಯಬೇಕಾಗಿಲ್ಲ.